ಕಡವಿಗೆ ಗೇಟು ಹಾಕಿದವನು

ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರನಿದ್ದ. ನೋಡಿ, ಕೆಟ್ಟವನೇನಲ್ಲ, ನಿಮ್ಮ ಹಾಗೆಯೇ ಇದ್ದ. ಪೇಟೆಯ ಹೊಗೆ ಅವನಿಗೆ ಸಾಕಾಗಿತ್ತು. ನದಿ ಕಡಲು ಸೇರುವಲ್ಲಿ ಹೊಸ ಬಡಾವಣೆಯಾಗಿದೆ, ಸೈಟು ಅಗ್ಗ, ಮನೆಯ ಮುಂದೆಯೇ ಬೋಟು ಕಟ್ಟಬಹುದು ಎಂದು ಏಜೆಂಟ ಹೇಳಿದ. ಇಷ್ಟು ಅಗ್ಗ ಯಾಕೆ ಎಂದು ಸಾಹುಕಾರ ಕೇಳಿದನೇ? ಇಲ್ಲ. ನೀವು ಕೇಳಿದಿರಾ?

ಅವನ ಮನೆಯ ಮುಂದೆ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳಿದ್ದವು. ಅಗ್ಗ ಅದಕ್ಕೇ. ಅದು ಹಳೇ ಕಡವು, ದೋಣಿ ದಾಟಿಸುವ ಜಾಗ. ಎದುರಿಗೆ ನದಿಯ ನಡುವೆ ಒಂದು ಕುದ್ರು. ಆ ನಡುಗಡ್ಡೆಯಲ್ಲಿ ಹನ್ನೆರಡು ಮನೆ. ದೋಣಿ ನಡೆಸುತ್ತಿದ್ದವಳು ಒಬ್ಬ ಹೆಂಗಸು. ಅಲ್ಲಿಯ ಪದ್ಧತಿ ಕೇಳಿ. ದಾಟಬೇಕಾದವರು ದಡದಲ್ಲಿ ನಿಂತು 'ಕಡವೋ' ಎಂದು ಕೂಗುತ್ತಾರೆ. ಯಾರ ಹೆಸರನ್ನೂ ಹಿಡಿಯುವುದಿಲ್ಲ. ಹೆಸರು ಹಿಡಿದರೆ ಒಬ್ಬರನ್ನು ಕರೆದಂತೆ. ಕಡವನ್ನು ಕರೆದರೆ, ಹತ್ತಿರದಲ್ಲಿ ದೋಣಿ ಇದ್ದವರು ಯಾರೇ ಆಗಲಿ, ಹೋಗಲೇಬೇಕು.

ಸಾಹುಕಾರ ಏನು ಮಾಡಿದ? ಬಿಳಿ ಬೋಟು ತಂದ. ಮೆಟ್ಟಿಲಿಗೆ ಗೇಟು ಹಾಕಿದ. ಆ ಹೆಂಗಸಿನ ದೋಣಿಯನ್ನು ನದಿಯಲ್ಲಿ ಒಂದು ಮೈಲಿ ಮೇಲಕ್ಕೆ ಓಡಿಸಿದ. ಗಲೀಜಂತೆ. ಮೀನಿನ ನಾತವಂತೆ.

ಒಂದು ಸಂಜೆ ಕುದ್ರುವಿನ ಬಸುರಿಗೆ ನೋವು ಬಂತು. ಮಗು ಅಡ್ಡ ತಿರುಗಿತ್ತು. ಗಂಡಸರು, ದೋಣಿಗಳು, ಎಲ್ಲ ಕಡಲಲ್ಲಿ. ಅವಳ ಅತ್ತೆ ಕುದ್ರುವಿನ ದಡಕ್ಕೆ ಬಂದು 'ಕಡವೋ, ಕಡವೋ' ಎಂದು ಕೂಗಿದಳು. ಸಾಹುಕಾರ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ. ಅವನಿಗೆ ಕೇಳಲಿಲ್ಲವೇ? ಕೇಳಿತು. ಕಡವ ಎಂದರೆ ಯಾರೋ ಕೆಲಸದವನ ಹೆಸರು ಎಂದುಕೊಂಡ. ಎದ್ದು ನಿಂತು ಕೂಗಿ ಹೇಳಿದ:

"ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಕಣಮ್ಮ. ಬೇರೆ ಕಡೆ ವಿಚಾರಿಸು."

ನಗಬೇಡಿ. ಅಲ್ಲಿ ಒಬ್ಬಳು ಸಾಯುತ್ತಿದ್ದಾಳೆ.

ದೋಣಿಯ ಹೆಂಗಸಿನ ಮನೆ ಬಡಾವಣೆಯ ಹಿಂದೆಯೇ ಇತ್ತು. ಕೂಗು ಕೇಳಿ ಓಡಿಬಂದಳು. ತನ್ನ ದೋಣಿ ತರಲು ಹೊತ್ತಿಲ್ಲ. ಕೈಯಲ್ಲಿ ಬಿದಿರಿನ ಗಳ ಹಿಡಿದುಕೊಂಡೇ ಗೇಟು ಹತ್ತಿ ಇಳಿದು ಬಿಳಿ ಬೋಟಿನ ಹಗ್ಗ ಬಿಚ್ಚಿದಳು. ಅದು ನನ್ನ ಬೋಟು, ಎಂಜಿನ್ನಿನ ಕೀಲಿ ಕೊಡುವುದಿಲ್ಲ ಎಂದು ಸಾಹುಕಾರ ಅಡ್ಡ ನಿಂತ. ಅವಳು ದನಿ ಏರಿಸಲಿಲ್ಲ.

"ಬೋಟ್ ನಿಮ್ದೇ ಮಾರಾಯ್ರೆ, ಯಾರ್ ಇಲ್ಲ ಅಂದ್ರು? ಆದ್ರೆ ಕಡವು ಅಂದ್ರೆ ಯಾರ್ ಹೆಸ್ರೂ ಅಲ್ಲ. ನೀರಿನ್ ಬದಿಗೆ ಬೋಟ್ ಕಟ್ಕಂಡ್ ಕೂತವ್ರೇ ಕಡವು. ಆ ಅಮ್ಮ ಇಷ್ಟೊತ್ತೂ ಕರ್ದದ್ದು ನಿಮ್ಮನ್ನೇ. ಕೀಲಿ ನೀವೇ ಇಟ್ಕಣಿ."

ಗಳ ಊರಿ ಬೋಟು ನೂಕಿದಳು. ಬಸುರಿಯನ್ನು ದಾಟಿಸಿದಳು. ಆಸ್ಪತ್ರೆಯಲ್ಲಿ ತಾಯಿಯೂ ಮಗುವೂ ಉಳಿದರು.

ಸಾಹುಕಾರ ಪಶ್ಚಾತ್ತಾಪದಿಂದ ಅತ್ತ ಎಂದು ಹೇಳಿದರೆ ನಿಮಗೆಲ್ಲ ಹಾಯೆನಿಸುತ್ತದೆ. ಹೇಳುವುದಿಲ್ಲ. ಅವನು ಅಳಲಿಲ್ಲ. ಮರುದಿನ ಠಾಣೆಗೆ ಹೋಗಿ ಬೋಟು ಕದ್ದಳು ಎಂದು ದೂರು ಬರೆಸಿದ. ಅವಳೂ ಹೋದಳು. ಹೌದು, ಬಿಚ್ಚಿದ್ದೇನೆ, ಇನ್ನೊಮ್ಮೆ ಕೂಗು ಬಂದರೆ ಇನ್ನೊಮ್ಮೆ ಬಿಚ್ಚುತ್ತೇನೆ ಎಂದು ಅದರ ಕೆಳಗೇ ಬರೆಸಿ ಹೆಬ್ಬೆಟ್ಟು ಒತ್ತಿದಳು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಈ ಬಡಾವಣೆಗೆ ನೀವು ಬಂದು ಎರಡು ವರ್ಷ. ನದಿ ಚೆಂದ, ಗಾಳಿ ಚೆಂದ, ದೇವರು ಕೊಟ್ಟ ಎನ್ನುತ್ತೀರಿ. ದೇವರು ನಿಮಗೊಬ್ಬರಿಗೇ ಕೊಟ್ಟನೇ? ಮೀನು ಮಾರುವವಳು ನಿಮ್ಮ ದಡದಲ್ಲಿ ಬುಟ್ಟಿ ಇಳಿಸಿದರೆ ವಾಚ್‌ಮನ್‌ನನ್ನು ಕಳಿಸುತ್ತೀರಿ. ನಾಳೆಯಿಂದ ಅವಳಿಗೆ ಕುಡಿಯಲು ನೀರು ಕೊಡಿ. ಪಕ್ಕದ ಕೇರಿಯವರ ಹೆಸರು ಕಲಿಯಿರಿ. ನಿಮ್ಮ ಬೋಟು ಭಾನುವಾರದ ಫೋಟೋಕ್ಕೆ ಮಾತ್ರ ಅಲ್ಲ ಎಂದು ಮಕ್ಕಳಿಗೆ ಹೇಳಿ. ಮತ್ತೆ, ಇಲ್ಲಿಗೆ ಬರುವಾಗ ನಾನೇ ನೋಡಿದೆ, ನೀವು ಬೋಟು ಕಟ್ಟುವ ಜೆಟ್ಟಿಗೂ ಬೀಗ ಬಿದ್ದಿದೆ.

ಹರಿಕಥೆಯ ಮಂಗಳಾರತಿ ಆಮೇಲೆ. ಮೊದಲು ಎದ್ದು ಹೋಗಿ ಆ ಬೀಗ ತೆಗೆದು ಬನ್ನಿ. ಅಲ್ಲಿಯವರೆಗೆ ನಾನು ಇಲ್ಲೇ ಕೂತಿರುತ್ತೇನೆ.