ಕೈ ಎತ್ತದವಳು

ಊರನ್ನು ನೆರೆ ನುಂಗಿದ ಮೇಲೆ ಶಾಲೆಯ ಮಹಡಿಯ ಕೋಣೆಯೇ ಎಲ್ಲರ ಮನೆಯಾಗಿತ್ತು. ಮಳೆ ಇನ್ನೂ ಬಿಟ್ಟಿರಲಿಲ್ಲ. ಸಂಜೆ ನರ್ಸಮ್ಮ ಬಂದು, "ಯಾರಿಗಾದ್ರೂ ಭೇದಿ ಆಗ್ತಿದ್ರೆ ಕೈ ಎತ್ತಿ" ಎಂದಾಗ ಗಂಡಸರ ಸಾಲಿನಲ್ಲಿ ಮುಸಿಮುಸಿ ನಗು ಎದ್ದಿತು. ಕಿರಿಸೊಸೆ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದಳು. ಬೆಳಗಿನಿಂದ ಅವಳ ಹೊಟ್ಟೆ ಕೆಟ್ಟಿತ್ತು. ಪಕ್ಕದಲ್ಲಿ ಮಾವ, ಎದುರಿಗೆ ನಗುತ್ತಿರುವ ಭಾವ... ಯಾವ ಮುಖ ಹೊತ್ತು ಹೇಳುವುದು?

ನರ್ಸಮ್ಮ ಕೆಳಗಿಳಿದು ಹೋದ ಮೇಲೆ ಸೂಲಗಿತ್ತಿ ಅಜ್ಜಿ ಲಾಟೀನನ್ನು ಹತ್ತಿರಕ್ಕೆಳೆದುಕೊಂಡಳು.

"ನಕ್ಕಿದ್ದು ಸಾಕು, ಹಲ್ಲು ಒಳಗಿಟ್ಕೊಳ್ಳಿ. ಇದೇ ಕೋಣೇಲಿ ನಡೆದದ್ದು ಹೇಳ್ತೀನಿ, ಕೇಳಿ. ಹಿಂದಿನ ದೊಡ್ಡ ನೆರೇಲೂ ಹೀಗೇ ಕೈ ಎತ್ತಿ ಅಂದ್ರು, ಹೀಗೇ ನಕ್ರು. ಹೊಸದಾಗಿ ಮದುವೆಯಾದ ಹುಡುಗಿ ಒಬ್ಬಳಿದ್ಲು. ಯಾರ ಮಗಳು ಅಂತೀರಾ?... ನನ್ನ ಮಗಳೇ. ಉಪ್ಪು ಸಕ್ಕರೆ ಕದಡಿದ ನೀರು ಕುಡಿಸಿದ್ರೆ ಉಳಿಯೋ ಜೀವ, ನಾಚ್ಕೊಂಡು, ಗೋಡೆ ಹಿಡ್ಕೊಂಡು ಹೊರಗೆ ಹೋಗೋದು, ಬರೋದು, ಬಾಯಾರಿ ಸಿಕ್ಕಿದ ನೀರು ಕುಡಿಯೋದು... ಬೆಳಗಾಗೋ ಹೊತ್ತಿಗೆ ಆ ಮೆಟ್ಟಿಲ ಮೇಲೆ ತರಗೆಲೆ ಹಾಗೆ ಬಿದ್ದಿದ್ಲು. ಅಷ್ಟರಲ್ಲಿ ರೋಗ ಕೋಣೆಗೆಲ್ಲ ಹಬ್ಬಿತ್ತು. ಊರಿನ ಹೆಂಗಸರೆಲ್ಲ ನನ್ನ ಮುಂದೆ ನಾಚಿಕೆ ಬಿಟ್ಟವರೇ. ಹೆತ್ತ ಮಗಳು ಬಿಡ್ಲಿಲ್ಲ. ದೇವರು ನನ್ನನ್ನ ಯಾಕೆ ಉಳಿಸಿದನೋ.

"ಹೋದ್ಲು ಅಂದ್ಕೊಂಡ್ರಾ? ಎಲ್ಲಿಗೆ ಹೋಗ್ತಾಳೆ? ನೆರೆ ಬಂದಾಗೆಲ್ಲ ಬರ್ತಾಳೆ. ಮುಚ್ಚಿಟ್ಟವರ ಪಕ್ಕದಲ್ಲಿ ಕೂತು, ಒದ್ದೆ ಕೈಯಲ್ಲಿ ಅವರ ಮೊಣಕೈ ಹಿಡಿದು, ಮೆಲ್ಲಗೆ... ಮೇಲಕ್ಕೆ ಎತ್ತುತ್ತಾಳೆ."

ಕಿರಿಸೊಸೆಯ ಮೊಣಕೈಗೆ ತಣ್ಣಗೆ ಏನೋ ತಾಗಿತು. ಸೋರುತ್ತಿರಬೇಕೆಂದು ತಲೆ ಎತ್ತಿದಳು. ಮೇಲಿನ ತಾರಸಿ ಒಣಗಿಯೇ ಇತ್ತು. ಅವಳ ಕೈ ಮಾತ್ರ, ಅವಳು ಎತ್ತದೆಯೇ, ಏಳುತ್ತಿತ್ತು.

"ಅಜ್ಜೀ... ನನಗೆ ಬೆಳಗ್ಗೆಯಿಂದ..."

ಯಾರೂ ನಗಲಿಲ್ಲ. ಮಾವ ಅವಳ ಮುಖ ನೋಡಲಾರದೆ ತಲೆ ತಗ್ಗಿಸಿ, "ನಮ್ಮೆದುರಿಗೆ ಹೇಳೋಕಾಗದ ಹಾಗೆ ಮಾಡಿಟ್ವಲ್ಲ, ಮಗಳೇ" ಎಂದು ಎದ್ದು, ನರ್ಸಮ್ಮನನ್ನು ಕರೆಯಲು ಹೋದರು.

ಅಜ್ಜಿ ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಕದಡಿ, ಲೋಟವನ್ನು ಅವಳ ತುಟಿಗೆ ಹಿಡಿದಳು. ಆದರೆ ಅಜ್ಜಿಯ ಕಣ್ಣು ಅವಳ ಪಕ್ಕದ ಖಾಲಿ ನೆಲದ ಮೇಲಿತ್ತು. ಅಲ್ಲಿಂದ ನಿಧಾನವಾಗಿ, ನಡೆಯುವವರನ್ನು ಹಿಂಬಾಲಿಸುವ ಹಾಗೆ, ಎದುರು ಸಾಲಿಗೆ ಸರಿಯಿತು.

"ಇವಳ ಹತ್ರ ಅವಳ ಕೆಲಸ ಮುಗೀತು," ಎಂದಳು. "ಈಗ ಆ ಕಡೆ ಹೊರಟ್ಲು... ನಕ್ಕವರ ಕಡೆ. ನಿಮ್ಮಲ್ಲಿ ಯಾರಪ್ಪ ಮುಚ್ಚಿಟ್ಟಿರೋದು?"