ಶಾವಲಿ ತೋರಿಸಿದ ಹುಚ್ಚು ಕೊಕ್ಕರೆ

ಸಿಂಧನೂರಿನ ಹಿರಿಯರೇ, ಮುಂದೆ ಚಾಪೆಯ ಮೇಲೆ ಮಕ್ಕಳೊಡನೆ ಕುಳಿತಿರುವ ಸಕೀನಾಬೀ ಅವರೇ — ಎಲ್ಲರಿಗೂ ನಮಸ್ಕಾರ, ಸಲಾಮ್.

ಸಕೀನಾಬೀ, ನಿಮ್ಮ ಯಜಮಾನ ಶಾವಲಿ ತೀರಿಹೋಗಿ ಇಂದಿಗೆ ಹನ್ನೆರಡು ದಿನ. ವಿಷಮಜ್ವರ. ನಮ್ಮ ಟೂರಿಂಗ್ ಟಾಕೀಸಿನಲ್ಲಿ ಐದು ವರ್ಷ ಮಷೀನು ನಡೆಸಿದವನು ಅವನು; ನಾನು, ಜಂಬಣ್ಣ, ಅದೇ ಡೇರೆಯ ಮ್ಯಾನೇಜರು. ಈಗ ತಾನೇ ಹಿರಿಯರು ಒಬ್ಬೊಬ್ಬರಾಗಿ ಎದ್ದು ಅವನನ್ನು ‘ಕಲಾಸೇವಕ’ ಎಂದರು. ಬಹಳ ಸಂತೋಷ! ಬದುಕಿದ್ದಾಗ ಏನೆನ್ನುತ್ತಿದ್ದಿರಿ? ‘ಹುಚ್ಚ ಕೊಕ್ಕರಿ ತೋರ್ಸಾಂವ.’

ಹೌದು — ತೋರಿಸುತ್ತಿದ್ದ. ದೊಡ್ಡ ಚಿತ್ರಕ್ಕೆ ಮೊದಲು ಏಳು ನಿಮಿಷದ ಕಾರ್ಟೂನು ರೀಲು. ಬಂದೂಕು ಹಿಡಿದ ಬೇಟೆಗಾರ, ಅವನ ಮುಂದೆ ಒಂದು ಕೊಕ್ಕರೆ. ಅದು ಓಡುವುದಿಲ್ಲ. ಬಂದೂಕಿನ ನಳಿಗೆಯೊಳಗೆ ಕೊಕ್ಕು ತೂರಿಸಿ ಇಣುಕುತ್ತದೆ. ಬೇಟೆಗಾರನ ಮೀಸೆ ಎಳೆದು ಗಂಟು ಹಾಕುತ್ತದೆ. ಗುಂಡು ಹಾರಿದರೆ ಮೈಯೆಲ್ಲ ಮಸಿಯಾಗಿ ಹೊಗೆಯೊಳಗಿಂದ ಬಂದು — ಮತ್ತೆ ಕುಣಿಯುತ್ತದೆ! ಜವಳಗೇರಾದ ಜನ ಬಂಡಿ ಕಟ್ಟಿಕೊಂಡು ಬಂದದ್ದು ಅದಕ್ಕೇ. ಯಾಕೆ ಗೊತ್ತೇ? ನಲವತ್ತೆಂಟರಲ್ಲಿ, ನಿಜಾಮನ ರಾಜ್ಯ ಬೀಳುವ ಹೊತ್ತಿಗೆ, ಬಂದೂಕಿನ ಸದ್ದಿಗೆ ಅಗಳಿ ಹಾಕಿಕೊಂಡು ಒಳಗೆ ಕೂತಿದ್ದ ಜನ ಅವರು. ಹೆದರದ ಜೀವವೊಂದನ್ನು — ಹಕ್ಕಿಯಾದರೂ ಸರಿ — ಅವರಿಗೆ ನೋಡಬೇಕಿತ್ತು.

ನಮ್ಮ ಶಿವಶರಣಪ್ಪಗೌಡರಿಗೆ ಸಿಟ್ಟು ಬಂತು. ದೊಡ್ಡ ಮೀಸೆ, ಮನೆಯಲ್ಲಿ ಬಂದೂಕು. ಜನ ತಮ್ಮನ್ನೇ ನೋಡಿ ನಗುತ್ತಾರೆಂದುಕೊಂಡರು.

“ಲೇ ಶಾವಲಿ, ಆ ರೀಲು ಸುಟ್ಟಹಾಕು.”

“ಸುಡ್ತೀನ್ರೀ ಗೌಡ್ರ. ಮೊದಲ ಒಂದ್ ಸಲ ನೀವೊಬ್ರ ಕೂತು ನೋಡ್ರಿ. ಆಮ್ಯಾಲ ಹೇಳ್ರಿ.”

ಮರುದಿನ ಮುಸ್ಸಂಜೆ, ಆಟಕ್ಕೆ ಮುಂಚೆ, ಖಾಲಿ ಡೇರೆಯಲ್ಲಿ ಗೌಡರು ಒಬ್ಬರೇ ಕೂತರು. ಬಾಗಿಲಲ್ಲಿ ನಾನಿದ್ದೆ — ಕೇಳಿಸಿಕೊಂಡೆ. ಗೌಡರು ನಕ್ಕರು! ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವ ತನಕ ನಕ್ಕರು.

ಬೆಳಗಾದರೆ ತಹಶೀಲ್ದಾರರಿಗೆ ಗೌಡರ ಅರ್ಜಿ. ‘ಈ ಚಿತ್ರದಿಂದ ಜನ ಕೆಡುತ್ತಾರೆ.’ ತಾವು ನಕ್ಕದ್ದನ್ನು ಒಬ್ಬ ಆಪರೇಟರ್ ಕಂಡುಬಿಟ್ಟನಲ್ಲ — ಅದನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ಕೆಳಗೆ ಗೌಡರದ್ದೂ ಸೇರಿ ಹನ್ನೊಂದು ಸಹಿ. ಆ ಹನ್ನೊಂದು ಮಂದಿಯೂ ಇಂದು ಹಾರ ಹಿಡಿದು ಬಂದಿದ್ದೀರಿ. ನಿಮ್ಮಲ್ಲಿ ನಗದವನು ಒಬ್ಬನಾದರೂ ಇದ್ದನೇ? ಥೂ!

ಹನ್ನೆರಡನೆಯ ಸಹಿ ನನ್ನದು. ಲೈಸೆನ್ಸು ಹೋದೀತೆಂದು ಹೆದರಿ ರೀಲನ್ನು ಕೈಯಾರೆ ಒಪ್ಪಿಸಿದೆ. ಗೌಡರ ಅಂಗಳದಲ್ಲಿ ಅದನ್ನು ಸುಟ್ಟರು. ಶಾವಲಿ ನನ್ನನ್ನು ಬೈಯಲಿಲ್ಲ. “ಜಂಬಣ್ಣ, ನೀನೂ ದಿನಾ ನಗ್ತಿದ್ದಿ, ಅಲ್ಲೇನು?” ಎಂದಷ್ಟೇ ಕೇಳಿದ. ಆಮೇಲೆ ಮೂರು ತಿಂಗಳು ಮಸ್ಕಿಯಲ್ಲಿ, ಲಿಂಗಸುಗೂರಿನಲ್ಲಿ ಒಟ್ಟಿಗೇ ಕೆಲಸ ಮಾಡಿದೆವು. ನನ್ನೊಡನೆ ಅವನು ಒಂದು ಮಾತೂ ಆಡಲಿಲ್ಲ. ಜ್ವರ ಬಂದಾಗಲೂ ನನಗೆ ಹೇಳಿ ಕಳಿಸಲಿಲ್ಲ. ನಿಮ್ಮನ್ನು ಹೀಗಳೆಯಲು ಇವನ್ಯಾರು ಎನ್ನುತ್ತೀರೇನೋ — ದಿನಾ ಕನ್ನಡಿಯ ಮುಂದೆ ನಿಂತು ನನ್ನನ್ನೇ ಬೈದುಕೊಂಡು ರೂಢಿಯಾಗಿದೆ.

ಮಾತು ಸಾಕು. ಎರಡು ನಿಮಿಷ ಎದ್ದು ನಿಂತು, ಬಾಯಿ ಮುಚ್ಚಿಕೊಂಡು ಅವನನ್ನು ನೆನೆಯೋಣ. ಹಿರಿಯರೇ, ಕುರ್ಚಿ ಬಿಟ್ಟು ಏಳಿ — ನೆಲದ ಮೇಲೆ ಕೂತವರು ಆಗಲೇ ಎದ್ದಿದ್ದಾರೆ.