ಸೇತುವೆಗೆ ಬಿದ್ದ ಬೀಗ

ಹೆಸರು ಉರ್ಷ್ಕಾ ಪೆಚ್ನಿಕ್, ಗಂಡ ಗಾಷ್ಪೆರ್ ಪೆಚ್ನಿಕ್, ವಯಸ್ಸು 27 ವರ್ಷ, ಹೂವಿನ ಅಂಗಡಿಯಲ್ಲಿ ಕೆಲಸ, ವಾಸ ಮನೆ ನಂ. 14, ದ್ರಾವಾ ನದಿ ದಂಡೆ, ಮಾರಿಬೊರ್, ಸ್ಲೊವೇನಿಯಾ. ಈ ದಿನ 09-06-2024ರ ಭಾನುವಾರ ಸಂಜೆ 7.10ಕ್ಕೆ ಸಾಲ್ಜ್‌ಬರ್ಗ್ ಠಾಣೆಗೆ ಎರಡನೇ ಸಲ, ಯಾರೂ ಕರೆಸದೆ ನಾನಾಗಿಯೇ ಬಂದು ಹೇಳಿ ಬರೆಸುವುದೇನೆಂದರೆ:

ನನಗೆ ಮದುವೆಯಾಗಿ ಇಂದಿಗೆ ಇಪ್ಪತ್ತೊಂಬತ್ತು ದಿನ. ನನ್ನ ಗಂಡನ ಮೊದಲ ಹೆಂಡತಿಯ ಮಗಳು ಲೂಚ್ಕಾ, ಒಂಬತ್ತು ವರ್ಷ, ಹುಟ್ಟಿನಿಂದ ನಡೆಯಲಾರಳು. ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಓಡಾಡುತ್ತಾಳೆ. ಬೇರೆಯವರು ಹಿಡಿಕೆ ಮುಟ್ಟಿದರೆ ಸಿಡುಕುತ್ತಾಳೆ. ಮದುವೆಯ ಪ್ರವಾಸಕ್ಕೆ ಅವಳೂ ಬರಲಿ ಎಂದು ಹಟ ಹಿಡಿದವಳು ನಾನೇ. ಗ್ರಾಜ್, ವಿಯೆನ್ನಾ, ಲಿಂಜ್ ನೋಡಿಕೊಂಡು ಬಂದೆವು. ವಿಯೆನ್ನಾದಲ್ಲಿ ಮೆಟ್ಟಿಲು ಎತ್ತರವಾಯಿತೆಂದು ಮೂರು ಟ್ರಾಮ್ ಬಿಟ್ಟು ನಾಲ್ಕನೆಯದು ಹತ್ತಿದೆವು. ಅಷ್ಟು ಹೊತ್ತೂ ಮೂವರೂ ನಕ್ಕಿದ್ದೇ ನಕ್ಕಿದ್ದು. ಅಂಥ ಖುಷಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇದು ದೂರಿಗೆ ಸಂಬಂಧಪಟ್ಟದ್ದಲ್ಲ ಎಂದು ಅಧಿಕಾರಿಯವರು ಸೂಚಿಸಿದ್ದರಿಂದ ಮುಂದಿನದನ್ನು ಹೇಳುತ್ತೇನೆ.

ಇಂದು ಬೆಳಿಗ್ಗೆ 11.15ಕ್ಕೆ ಈ ಊರಿನ ನದಿಯ ಕಾಲುಸೇತುವೆಗೆ ಬಂದೆವು. ಜೋಡಿಗಳು ಅದರ ಕಂಬಿಗೆ ಹೆಸರು ಬರೆದ ಬೀಗ ಹಾಕಿ ಕೀಯನ್ನು ನೀರಿಗೆ ಎಸೆಯುತ್ತಾರೆ. ನಾವು ಹೆಸರು ಕೆತ್ತಿಸಿ ತಂದ ಬೀಗವನ್ನು ಲಿಂಜ್‌ನ ಹೋಟೆಲಿನಲ್ಲಿ ಮರೆತಿದ್ದೆ. ಬೀಗ ಎಲ್ಲಿ ಹಾಕಿದರೇನೇ, ನಮ್ಮೂರಲ್ಲೂ ನದಿ ಇದೆ, ಸೇತುವೆ ಇದೆ, ಬಿಡೇ ಎಂದು ಗಾಷ್ಪೆರ್ ಹೇಳಿ, ಸುಮಾರು 60 ಮೀಟರ್ ದೂರಕ್ಕೆ ಐಸ್‌ಕ್ರೀಂ ತರಲು ಹೋದ. ನನಗೆ ತಡೆಯಲಾಗಲಿಲ್ಲ. ಗಾಲಿಕುರ್ಚಿಯನ್ನು ಬಿಟ್ಟುಹೋಗುವಾಗ ಕಟ್ಟುವ ಸರಪಳಿಯ ಬೀಗವನ್ನು ಚೀಲದಿಂದ ತೆಗೆದು, ಹೇರ್‌ಪಿನ್ನಿನಿಂದ ನಮ್ಮಿಬ್ಬರ ಅಕ್ಷರ ಗೀಚಿದೆ.

ಅದು ನನ್ನ ಕುರ್ಚಿ ಬೀಗ ಕಣೇ ಎಂದಳು ಲೂಚ್ಕಾ. ಬಂಗಾರಿ, ಗಾಲಿಕುರ್ಚಿ ಯಾರಾದ್ರೂ ಕದೀತಾರಾ ಎಂದೆ. ಕದೀತಾರೆ, ಕಾಲಿರೋರು ಎಂದಳು. ಇಬ್ಬರೂ ನಕ್ಕೆವು. ನನ್ನ ಅಕ್ಷರ ಎಲ್ಲಿ ಎಂದು ಕೇಳಿದಳು. ಪುಟ್ಟ ಬೀಗ, ಜಾಗ ಇಲ್ವಲ್ಲೇ ಎಂದೆ. ಸ್ವಲ್ಪ ಹೊತ್ತು ಬೀಗವನ್ನೇ ನೋಡಿದಳು. ಆಮೇಲೆ ಕೊರಳಿನ ದಾರದಿಂದ ಕೀ ಬಿಚ್ಚಿ, ತಗೋ, ಆದ್ರೆ ಎಸೀಬೇಡ, ಐಸ್‌ಕ್ರೀಂ ತಿಂದ್ಮೇಲೆ ಬಿಚ್ಕೊಂಡು ಹೋಗೋಣ ಎಂದು ನನ್ನ ಕೈಗಿಟ್ಟಳು. ಆ ಕೀಯನ್ನು ಅವಳು ತನ್ನ ಅಪ್ಪನಿಗೂ ಕೊಟ್ಟವಳಲ್ಲ. 11.32ಕ್ಕೆ ನಾನು ಬೀಗ ಹಾಕಿ, ಕೀಯನ್ನು ನದಿಗೆ ಎಸೆದೆ. ಎಸೆಯದಿದ್ದರೆ ಪ್ರೀತಿ ನಿಲ್ಲಲ್ಲ ಕಣೇ ಎಂದು ಹೇಳಿದೆ.

12.05ಕ್ಕೆ ಬೆಟ್ಟದ ಮೆಟ್ಟಿಲ ಬುಡಕ್ಕೆ ಬಂದೆವು. ಮೇಲಿಂದ ಊರು ನೋಡೋಣ ಎಂದವಳೂ ನಾನೇ. ಗಾಷ್ಪೆರ್ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಬೀಗ ಹಾಕಿದ್ಯೇನೇ ಎಂದು ಕೇಳಿದ. ನಾನು ಕುರ್ಚಿಯ ಸರಪಳಿಯನ್ನು ಅಲ್ಲಿನ ಕಂಬಿಗೆ ಎರಡು ಸುತ್ತು ಸುತ್ತಿ ತುದಿ ಸಿಕ್ಕಿಸಿ, ಹಾಕಿದೆ ಕಣೋ ಎಂದೆ. ಅವನ ಬೆನ್ನ ಮೇಲಿಂದ ಲೂಚ್ಕಾ ನನ್ನನ್ನು ನೋಡಿದಳು.

1.20ಕ್ಕೆ ಇಳಿದು ಬಂದಾಗ ಸರಪಳಿ ನೆಲದ ಮೇಲಿತ್ತು. ಕುರ್ಚಿ ಇರಲಿಲ್ಲ. ಹಸಿರು ಬಣ್ಣ, ಬೆನ್ನಿಗೆ ಮೂರು ಊರಿನ ಸ್ಟಿಕ್ಕರ್, ಅವಳ ಬೆನ್ನೆಲುಬಿನ ಅಳತೆಗೆ ಮಾಡಿಸಿದ ದಿಂಬು. ಅದು ತಯಾರಾಗಿ ಬರಲು ಏಳು ತಿಂಗಳು ಹಿಡಿದಿತ್ತು.

2.40ಕ್ಕೆ ಇದೇ ಠಾಣೆಯಲ್ಲಿ, ಕಳ್ಳರು ಬೀಗ ಕತ್ತರಿಸಿ ಒಯ್ದಿದ್ದಾರೆ ಎಂದು ಬರೆಸಿದ್ದೆ. ನಿಜವೇನಮ್ಮಾ ಎಂದು ಅಧಿಕಾರಿಯವರು ಕೇಳಿದ್ದಕ್ಕೆ ಲೂಚ್ಕಾ, ಹೌದು, ನಾನೇ ನೋಡಿದೆ, ಬೀಗ ಹಾಕಿತ್ತು ಎಂದು ಹೇಳಿದಳು.

5.30ಕ್ಕೆ ಹೋಟೆಲಿನ ಕೋಣೆಯಲ್ಲಿ ಗಾಷ್ಪೆರ್ ಸ್ನಾನಕ್ಕೆ ಹೋಗಿದ್ದ. ಲೂಚ್ಕಾ ಹಾಸಿಗೆಯಲ್ಲಿದ್ದಳು. ಅಪ್ಪ ಹೊರಗೆ ಬಂದ ಮೇಲೆ ಬಚ್ಚಲಿಗೆ ಎತ್ತಿಕೊಂಡು ಹೋಗ್ತೀಯಾ ಎಂದು ಕೇಳಿದಳು. ಬೆಳಿಗ್ಗೆಯವರೆಗೂ ಇಂಥದಕ್ಕೆ ಯಾರನ್ನೂ ಕೇಳಿದವಳಲ್ಲ. ಠಾಣೆಯಲ್ಲಿ ಯಾಕೆ ಹಾಗೆ ಹೇಳಿದೆ ಅವರ ಹತ್ರ ಎಂದು ಕೇಳಿದೆ. ಅಪ್ಪ ಪಕ್ಕದಲ್ಲೇ ಇದ್ದನಲ್ಲ, ನಿಮಗೆ ಮದುವೆಯಾಗಿ ತಿಂಗಳೂ ಆಗಿಲ್ಲ ಎಂದಳು.

6.40ಕ್ಕೆ ಗಾಷ್ಪೆರ್‌ಗೆ ಎಲ್ಲವನ್ನೂ ಹೇಳಿದೆ. ಈಗ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊರಗಿನ ಬೆಂಚಿನಲ್ಲಿದ್ದಾನೆ. ಅವಳ ಕೊರಳಲ್ಲಿ ದಾರ ಇನ್ನೂ ಇದೆ.

ಮಧ್ಯಾಹ್ನದ ಹೇಳಿಕೆಯಲ್ಲಿ ಬೀಗ ಕತ್ತರಿಸಿದ್ದಾರೆ ಎಂಬ ನನ್ನ ಮಾತು ಸುಳ್ಳು. ಮಗುವಿನ ಮಾತನ್ನು ದಯವಿಟ್ಟು ಹೊಡೆದುಹಾಕಿ. ಅದು ನನಗಾಗಿ ಹೇಳಿದ್ದು. ಕುರ್ಚಿ ಮತ್ತು ದಿಂಬನ್ನು ಹುಡುಕಿಕೊಡಬೇಕಾಗಿ ಕೋರುತ್ತೇನೆ. ಕಳೆದ ವಸ್ತುಗಳ ಪಟ್ಟಿಯಲ್ಲಿ ನಾನೇ ಬರೆಸಿದ್ದ ಕೀಯನ್ನು ತೆಗೆದುಹಾಕಿ. ಅದು ಕಳೆದದ್ದಲ್ಲ.

ಬರೆದದ್ದನ್ನು ಓದಿಸಿ ಕೇಳಿದೆ. ಈ ಸಲ ಬರೆಸಿದ್ದೆಲ್ಲವೂ ನಿಜ.

ಸ್ಥಳ: ಸಾಲ್ಜ್‌ಬರ್ಗ್
ದಿನಾಂಕ: 09-06-2024, ರಾತ್ರಿ 8.05
ಸಹಿ: ಉರ್ಷ್ಕಾ ಪೆಚ್ನಿಕ್